ತೆರೆದಿಟ್ಟ ಪುಸ್ತಕ

ಟೀಚರ್ ಕೆಲಸದ ಅರ್ಜಿಯ ಜೊತೆ ಅವಳು ಪಾಠ ಮಾಡಿದ ವಿಡಿಯೊ ಕಳಿಸಬೇಕಿತ್ತು. ಅದು ಅಪ್‌ಲೋಡ್ ಆಗಲು ಒಂದು ಗಂಟೆ ಬೇಕು. ಅವಳು ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಅತ್ತೆ ಲ್ಯಾಪ್‌ಟಾಪ್ ಮುಚ್ಚಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿದ್ದರು. ಮುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿಬಿಟ್ಟಿತ್ತು, ವಿಡಿಯೊ ಅರ್ಧಕ್ಕೇ ನಿಂತಿತ್ತು. ಇದು ಮೂರನೇ ಸಲ.

“ಪುಸ್ತಕ ತೆರೆದಿಟ್ಟು ಎದ್ದು ಹೋಗಬಾರದು ಕಣಮ್ಮ. ಓದಿದ್ದೆಲ್ಲ ಮರೆತುಹೋಗತ್ತೆ” ಎಂದರು ಅತ್ತೆ.

“ಇದು ಪುಸ್ತಕ ಅಲ್ಲ ಅತ್ತೆ.”

“ನಂಗೇನು ಗೊತ್ತಾಗತ್ತೆ, ಹೇಳು.”

ಗಂಡನೂ ಅದನ್ನೇ ಹೇಳಿದ. “ಹಳೇ ಕಾಲದವರು, ಬಿಡು. ಅಮ್ಮನ ಹತ್ರ ಜಗಳ ಆಡ್ಬೇಡ.”

ಅವಳು ಜಗಳ ಆಡಲಿಲ್ಲ. ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಮುಚ್ಚಿದರೂ ಲ್ಯಾಪ್‌ಟಾಪ್ ನಡೆಯುತ್ತಲೇ ಇರುವ ಹಾಗೆ ಬದಲಿಸಿದಳು. ಅತ್ತೆ ಎಂದಿನಂತೆ ಮುಚ್ಚಿದರು, ಬಟ್ಟೆ ಹೊದಿಸಿದರು. ಬಟ್ಟೆಯ ಅಡಿಯಲ್ಲೇ ವಿಡಿಯೊ ಪೂರ್ತಿ ಅಪ್‌ಲೋಡ್ ಆಯಿತು.

ಸಂಜೆ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅವಳು ಹೇಳಿದಳು.

“ರೀ, ಅರ್ಜಿ ಕಳಿಸಾಯ್ತು.”

ಅವನು ಅವಳತ್ತ ನೋಡಲಿಲ್ಲ. ಒಳಗಿದ್ದ ತಾಯಿಯನ್ನು ಕೇಳಿದ.

“ಯಾಕಮ್ಮ, ಇವತ್ತು ಮುಚ್ಚಲಿಲ್ವಾ?”