ಹ್ಯಾಶ್ ಹಾಕಿದ ಸಾಲು

“ಮೇಲೆ ಮೂರು ಕೋಟ್ಸ್ ಚಿಹ್ನೆ, ಕೆಳಗೆ ಮೂರು ಕೋಟ್ಸ್. ನಡುವೆ ಎಷ್ಟು ಸಾಲು ಬೇಕಾದ್ರೂ ಬರೀರಿ, ಬರೆದಂಗೇ ಬರ್ತೈತೆ,” ಎಂದು ಲತಾ ಕ್ಲಾಸಿನ ಹುಡುಗರಿಗೆ ಹೇಳಿದ್ದೇ ತಡ, ಹಿರಿಯೂರಿನ ಆ ಕಂಪ್ಯೂಟರ್ ಸೆಂಟರಿನ ಮಾಲೀಕ ಕೊಟ್ರೇಶ್ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತ. ಮಾರಿಕಣಿವೆ ಡ್ಯಾಮಿನ ಪ್ರವಾಸದ ವಿಷಯವನ್ನು ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು ಹಾಕಿ ಮನೆಯವರಿಗೆ ಕಳಿಸುವ ಪ್ರೋಗ್ರಾಂ ಅದು. ಬಸ್ಸು ಎಷ್ಟು ಹೊತ್ತಿಗೆ, ಬುತ್ತಿ ಕಟ್ಟಿಕೊಂಡು ಬರಬೇಕು, ಯಾರೂ ನೀರಿಗೆ ಇಳಿಯಬಾರದು, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಅಚ್ಚುಕಟ್ಟಾಗಿ ಬಂದಿತ್ತು.

“ಇಷ್ಟು ಸಲೀಸೈತಾ! ಸುಚಿತ್ರಾ ಮೇಡಂ, ಇಷ್ಟು ವರ್ಷ ಸಾಲು ಸಾಲಿಗೂ ಕೋಟ್ಸ್ ಹಾಕ್ಸಿ ಹುಡುಗ್ರ ಜೀವ ತಿಂದ್ರಲ್ರೀ!” ಕೊಟ್ರೇಶ್ ನಕ್ಕ. ಹುಡುಗರೂ ನಕ್ಕರು.

“ಬುನಾದಿ ಗಟ್ಟಿಯಾಗ್ಲಿ ಅಂತ ಹಂಗೆ ಹೇಳ್ಕೊಟ್ಟಿದ್ದು ಸರ್,” ಎಂದಳು ಸುಚಿತ್ರಾ. ಹೊಟ್ಟೆಗೆ ಕಿಚ್ಚು ಬಿದ್ದಿತ್ತು. ಯಲ್ಲದಕೆರೆಯಿಂದ ಬಂದು ಮೌಸ್ ಹಿಡಿಯಲೂ ಬಾರದೆ ಕೂತಿದ್ದ ಈ ಲತಾಳಿಗೆ ಮೊದಲ ಪಾಠ ಹೇಳಿಕೊಟ್ಟವಳೇ ತಾನು. ಈಗ ಹೊಸಬರೆಲ್ಲ ‘ಲತಾ ಮೇಡಂ ಕ್ಲಾಸೇ ಬೇಕು’ ಅನ್ನುತ್ತಾರೆ. ಸುಚಿತ್ರಾಳ ಬೆಳಗಿನ ಬ್ಯಾಚನ್ನೂ ಅವಳಿಗೇ ಕೊಡುವ ಮಾತು ನಡೆದಿತ್ತು.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ಸುಚಿತ್ರಾ ಲತಾಳ ಕಂಪ್ಯೂಟರ್ ಮುಂದೆ ಕೂತು ತಪ್ಪು ಹುಡುಕಿದಳು. ಒಂದಾದರೂ ಸಿಗಬಾರದೇ? ಸಿಗಲಿಲ್ಲ. ಅವಳಿಗೊಂದು ಹಳೆಯ ಚಾಳಿ ಇತ್ತು. ಸಿಟ್ಟು ಬಂದಾಗಲೆಲ್ಲ ಪ್ರೋಗ್ರಾಮಿನ ನಡುವೆ ‘#’ ಎಂಬ ಹ್ಯಾಶ್ ಗುರುತು ಹಾಕಿ ಮನಸ್ಸಿನಲ್ಲಿದ್ದುದನ್ನು ಬರೆದುಬಿಡುವುದು. ಹ್ಯಾಶ್ ಹಾಕಿದ ಸಾಲನ್ನು ಕಂಪ್ಯೂಟರ್ ಲೆಕ್ಕಕ್ಕೇ ಹಿಡಿಯುವುದಿಲ್ಲ. “ಗಂಡನ್ನ ಬೈಯೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ,” ಎಂದು ಪ್ರತಿ ಬ್ಯಾಚಿನಲ್ಲೂ ನಗಿಸುತ್ತಿದ್ದಳು. ಈಗಲೂ ಬೆರಳು ಸುಮ್ಮನಿರಲಿಲ್ಲ. ‘ನೀರಿಗೆ ಇಳಿಯಬಾರದು’ ಎಂಬುದರ ಕೆಳಗೆ ಹ್ಯಾಶ್ ಹಾಕಿ ಒಂದು ಸಾಲು ಕುಟ್ಟಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು, ಎದ್ದುಬಿಟ್ಟಳು. ಹ್ಯಾಶ್ ಇದೆಯಲ್ಲ, ಯಾರಿಗೆ ಕಾಣುತ್ತದೆ?

ಊಟ ಮುಗಿಸಿ ಬಂದ ಕೊಟ್ರೇಶ್, “ಕಳ್ಸೋಕೆ ಮುಂಚೆ ಎಲ್ರೂ ಒಂದ್ಸಲ ನೋಡಾಣ,” ಎಂದು ಪ್ರೊಜೆಕ್ಟರ್ ಹಾಕಿಸಿದ. ಲತಾ ಗುಂಡಿ ಒತ್ತಿದಳು. ಬಸ್ಸು ಬಂತು, ಬುತ್ತಿ ಬಂತು, ನೀರು ಬಂತು. ಅದರ ಕೆಳಗೆ ಗೋಡೆಯಗಲ ಇನ್ನೊಂದು ಸಾಲು:

# ಲತಾ ನನಗಿಂತ ಚೆನ್ನಾಗಿ ಕಲಿಸ್ತಾಳೆ ಅನ್ನೋದು ಬರೀ ಸುಳ್ಳು

ಮೂರು ಕೋಟ್ಸಿನ ಒಳಗೆ ಬಿದ್ದದ್ದೆಲ್ಲ ಬರೆದಂತೆಯೇ ಬರುತ್ತದೆ, ಹ್ಯಾಶ್ ಕೂಡ. ಲತಾ ಬೆಳಿಗ್ಗೆ ಹೇಳಿದ್ದೇ ಅದು. ಸುಚಿತ್ರಾ ಉರಿಯಲ್ಲಿ ಮರೆತಿದ್ದಳು. ಬರೆದವರು ಯಾರೆಂದು ಯಾರೂ ಕೇಳಲಿಲ್ಲ. ಆ ಚಾಳಿ ಇಡೀ ಸೆಂಟರಿನಲ್ಲಿ ಒಬ್ಬಳಿಗೇ ಇತ್ತು.

ಲತಾಳ ಮುಖ ಕೆಂಪಾಯಿತು. ಕೀಬೋರ್ಡನ್ನು ಸುಚಿತ್ರಾಳ ಕಡೆಗೆ ಮೆಲ್ಲಗೆ ತಳ್ಳಿ, “ಅಕ್ಕಾ, ನೀವೇ ಅಳ್ಸಿಬಿಡ್ರಿ,” ಎಂದಳು.

ಸುಚಿತ್ರಾ ಪ್ರೋಗ್ರಾಮಿಗೆ ಹೋಗಿ ಆ ಸಾಲನ್ನು ಕೊನೆಯಿಂದ ಅಳಿಸತೊಡಗಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಗೋಡೆಯ ಮೇಲೆ ‘ಸುಳ್ಳು’ ಹೋಯಿತು. ‘ಬರೀ’ ಹೋಯಿತು. ‘ಅನ್ನೋದು’ ಹೋಯಿತು. ಅಲ್ಲಿಗೆ ಅವಳ ಬೆರಳು ನಿಂತಿತು.

# ಲತಾ ನನಗಿಂತ ಚೆನ್ನಾಗಿ ಕಲಿಸ್ತಾಳೆ

ಇಡೀ ಕ್ಲಾಸು ಅದನ್ನು ಓದಿತು.

“ಯಾಕ್ ಮೇಡಂ ನಿಂತ್ರಿ?” ಎಂದ ಕೊಟ್ರೇಶ್. “ಉಳಿದಿದ್ದೂ ಸುಳ್ಳಾಗಿದ್ರೆ ಅಳ್ಸಿಬಿಡ್ರಿ.”