ಸೆರಗಿನ ಗಂಟು

ಬಿಸಿ ರಾಗಿಹಿಟ್ಟಿನ ವಾಸನೆ ಬಂದರೆ ಈಗಲೂ ಅಜ್ಜಂಪುರದ ನಮ್ಮ ಗಿರಣಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಬೀಸುತ್ತಿದ್ದಾಗ ಕರೆಂಟು ಹೋಗಿ ಗಿರಣಿ ನಿಂತಿತು. ಇದೇ ಸಮಯವೆಂದು ಅಪ್ಪ ಸಡಿಲವಾಗಿದ್ದ ಬೆಲ್ಟು ಸರಿಮಾಡಲು ಹೊರಟರು.

"ಮೊದ್ಲು ಫ್ಯೂಸ್ ಕಿತ್ತು ಕೊಡು" ಎಂದರು ಅಜ್ಜಿ.

"ಕರೆಂಟೇ ಇಲ್ವಲ್ಲವ್ವಾ, ಯಾಕೆ ಕೀಳ್ಬೇಕು?"

"ಹೋಗಿದ್ದು ಬರಲ್ವೇನೋ?"

ಅಪ್ಪ ಗೊಣಗುತ್ತ ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು ಕೊಟ್ಟರು. ಅಜ್ಜಿ ಅವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ರಾಗಿ ಡಬ್ಬಿ ಹಿಡಿದು ಕಾಯುತ್ತಿದ್ದ ಹೆಂಗಸರ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರತೊಡಗಿದರು. ಅಪ್ಪ ಚಕ್ರದ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿದರು.

ಇದ್ದಕ್ಕಿದ್ದಂತೆ ಬೇರೆ ಲೈನಿನಲ್ಲಿದ್ದ ಬಲ್ಬು ಹೊತ್ತಿಕೊಂಡಿತು. "ಬಂತು ಕಣೇ!" ಎನ್ನುತ್ತ ಹೆಂಗಸರು ಡಬ್ಬಿಗಳನ್ನು ಎತ್ತಿಕೊಂಡು ಎದ್ದರು. ಅಪ್ಪ ಮಾತ್ರ ಕೈ ಹಾಗೇ ಇಟ್ಟುಕೊಂಡು ಗೋಡೆಯ ಕಡೆ ನೋಡಿದರು. ಗಿರಣಿಯ ಸ್ವಿಚ್ಚು ಹಾಕಿದ ಹಾಗೇ ಇತ್ತು.

ಆಮೇಲೆ ಅವರು ಕೆಲಸ ಮುಗಿಸಿ ಬಂದು, ಫ್ಯೂಸಿಗಾಗಿ ಅಜ್ಜಿಯ ಮುಂದೆ ಕೈ ಚಾಚಿದರು.

ಅಜ್ಜಿ ಗಂಟು ಬಿಚ್ಚಲಿಲ್ಲ.

"ಇನ್ನೊಂದು ಕೈನೂ ತೋರ್ಸು" ಎಂದರು.