ಅಕ್ಕ ತಮ್ಮನ ಓಟು

ಶಾಲೆಯ ದೊಡ್ಡ ಹಾಲ್‌ನ ಬಾಗಿಲು ದಾಟಿದ ಕೂಡಲೇ ಆಲ್ಡನ್ ಪೆಲ್ಕಿಗೆ ಕಂಡದ್ದು ಎರಡನೆಯ ಸಾಲಿನಲ್ಲಿ ಕೂತಿದ್ದ ಅಕ್ಕ ವರ್ನಾಳ ನೀಲಿ ಟೊಪ್ಪಿಗೆ. ವಾಪಸು ಹೋಗೋಣವೆಂದರೆ ಅವಳು ಆಗಲೇ ತಿರುಗಿ ನೋಡಿದ್ದಳು.

ನ್ಯೂ ಹ್ಯಾಂಪ್‌ಶೈರ್‌ನ ಆ ಪುಟ್ಟ ಊರಿನಲ್ಲಿ ಪ್ರತಿ ಮಾರ್ಚ್ ತಿಂಗಳೂ ಶಾಲೆಯ ಖರ್ಚನ್ನು ಊರವರೇ ಕಾರ್ಡ್ ಎತ್ತಿ ತೀರ್ಮಾನಿಸುತ್ತಾರೆ. ಖರ್ಚು ಏರಿದರೆ ಮನೆ ತೆರಿಗೆಯೂ ಏರುತ್ತದೆ. ಆಲ್ಡನ್‌ನದು ಯಾವಾಗಲೂ 'ಬೇಡ', ವರ್ನಾಳದು ಯಾವಾಗಲೂ 'ಬೇಕು'. ಒಂದಕ್ಕೊಂದು ವಜಾ ಆಗುವ ಓಟಿಗೆ ಕೆಸರು ತುಳಿಯುವುದೇಕೆಂದು ಇಬ್ಬರೂ ತಂತಮ್ಮ ಮನೆಯಲ್ಲೇ ಉಳಿಯುವ ಒಪ್ಪಂದ ಬೆಳಿಗ್ಗೆ ತಾನೆ ಆಗಿತ್ತು.

"ಮಂಡಿ ನೋವು ಅಂದಿದ್ದೆಯಲ್ಲ," ಎಂದ ಆಲ್ಡನ್, ಪಕ್ಕದಲ್ಲಿ ಕೂರುತ್ತಾ.

"ನೀನು ಛಾವಣಿ ರಿಪೇರಿ ಅಂದಿದ್ದೆ. ಏಣಿ ಇಲ್ಲಿಗೇ ತಂದ್ಯಾ?"

ಹೋದ ವರ್ಷದ ತೆರಿಗೆಗೆ ಆಲ್ಡನ್ ತನ್ನ ದೋಣಿ ಮಾರಿದ್ದ. ಈ ಸಲ ಏರಿದರೆ ಮನೆಯೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಏರದಿದ್ದರೆ ಇಬ್ಬರು ಟೀಚರುಗಳ ಕೆಲಸ ಹೋಗಿ ಅವರ ತರಗತಿಗಳು ಮುಚ್ಚುತ್ತಿದ್ದವು. ವರ್ನಾಳ ಮೊಮ್ಮಗಳು ಟೆಸ್ ಇಪ್ಪತ್ತು ಮೈಲಿ ಆಚೆಯ ಶಾಲೆಗೆ ಬಸ್ಸು ಹತ್ತಬೇಕಿತ್ತು.

"ಬೇಕು ಅನ್ನುವವರು ಕಾರ್ಡ್ ಎತ್ತಿ," ಎಂದರು ಸಭೆ ನಡೆಸುವವರು. ಸುತ್ತಲೂ ಹಳದಿ ಕಾರ್ಡುಗಳು ಮೇಲೆದ್ದವು. ವರ್ನಾಳದು ಮಾತ್ರ ಮಡಿಲಲ್ಲೇ ಇತ್ತು.

"ಎತ್ತು ಅಕ್ಕ. ನಿದ್ದೆ ಬಂತಾ?"

"ಎತ್ತಲ್ಲ. ನೀನು ಮನೆ ಮಾರಿಕೊಂಡು ಹೋದ್ರೆ ಬೆಳಿಗ್ಗೆ ಎದ್ದು ಬೇಲಿ ಮೇಲಿಂದ ಯಾರನ್ನ ಬೈಲಿ?"

"ಟೆಸ್?"

"ಬಸ್ಸಿಗೆ ಹೋಗ್ತಾಳೆ. ಬಸ್ಸಲ್ಲಿ ಹೋಗಿ ಓದಿದೋರು ಎಷ್ಟು ಜನ ಇಲ್ಲ." ಹಾಗೆಂದಳೇ ಹೊರತು ಕಾರ್ಡಿನ ಮೂಲೆಯನ್ನು ಮಡಿಸುತ್ತ ಬಿಡಿಸುತ್ತ ಇದ್ದಳು.

ಕಾರ್ಡ್ ಎಣಿಸುತ್ತಿದ್ದ ವೆಂಡೆಲ್ ಇವರ ಸಾಲಿಗೆ ಬಂದಾಗಿತ್ತು. ಆಲ್ಡನ್‌ಗೆ ಸಿಟ್ಟು ಬಂತು. ಚಿಕ್ಕಂದಿನಿಂದ ಈ ಹೆಂಗಸು ತನ್ನನ್ನು ಒಂದು ಸಲವೂ ನೆಟ್ಟಗೆ ಗೆಲ್ಲಲು ಬಿಟ್ಟವಳಲ್ಲ. ಏನೋ ಗೊಣಗುತ್ತಾ ತನ್ನ ಕಾರ್ಡನ್ನೇ ಎತ್ತಿಬಿಟ್ಟ.

"ಆಲ್ಡನ್, ಈಗ ಎಣಿಸ್ತಿರೋದು ಬೇಕು ಅನ್ನೋರನ್ನ," ಎಂದ ವೆಂಡೆಲ್, ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ.

"ನನಗೆ ಕಿವಿ ಕೇಳುತ್ತೆ. ಎಣಿಸು."

'ಬೇಡ' ಎನ್ನುವವರ ಸರದಿ ಬಂದಾಗ ವರ್ನಾ ತಮ್ಮನನ್ನು ದುರುಗುಟ್ಟಿ ನೋಡಿ, ಹಠಕ್ಕೆ ಬಿದ್ದವಳಂತೆ ಕಾರ್ಡ್ ಎತ್ತಿದಳು. ಕೊನೆಗೆ 'ಬೇಕು' ಎಂದವರು ಹನ್ನೊಂದು ಓಟಿನಿಂದ ಗೆದ್ದರು.

ಹೊರಗೆ ಅಕ್ಕನ ತೋಳು ಹಿಡಿದು ನಡೆಸುತ್ತಾ ಆಲ್ಡನ್ ಕೇಳಿದ: "ಇನ್ನು ಮನೆಗೆ ಗಿರಾಕಿ ಹುಡುಕಲಾ?"

"ಮಹಡಿ ಕೋಣೆ ಖಾಲಿ ಬಿದ್ದಿದೆಯಲ್ಲೋ ಪೆದ್ದ. ಆ ಟೀಚರುಗಳಲ್ಲಿ ಒಬ್ಬರಿಗೆ ಬಾಡಿಗೆಗೆ ಕೊಡು," ಎಂದಳು ವರ್ನಾ. "ಅವರ ಸಂಬಳ ನೀನು ಕೊಟ್ಟೆ, ನಿನ್ನ ತೆರಿಗೆ ಅವರು ಕಟ್ಲಿ."